ಬಣ್ಣದ ಪರದೆ ಮತ್ತು ನಟನ ನೆಲೆ

೧

ನಮ್ಮ ರಂಗವಿಮರ್ಶೆಯಲ್ಲಿ ನಾಟಕಕಾರನಿಗೆ ಅಧ್ಯಾಯಗಳೇ ಮೀಸಲಾಗಿವೆ. ನಟನಿಗೆ, ಅದರಲ್ಲೂ ಹಾಡಬಲ್ಲ ನಟನಿಗೆ, ಆತ್ಮಕಥೆಗಳೂ ಅಭಿನಂದನ ಗ್ರಂಥಗಳೂ ಇವೆ. ಆಧುನಿಕ ರಂಗಭೂಮಿ ನೆಲೆಗೊಂಡ ಮೇಲೆ ನಿರ್ದೇಶಕನಿಗೂ ತಕ್ಕ ಸ್ಥಾನ ದೊರೆತಿದೆ. ಆದರೆ ರಂಗದ ಹಿಂಬದಿಯಲ್ಲಿ ಇಡೀ ರಾತ್ರಿ ಪ್ರೇಕ್ಷಕನ ಕಣ್ಣೆದುರು ನಿಂತಿದ್ದ ಚಿತ್ರವನ್ನು ಬರೆದವನ ಪಾಲಿಗೆ ಬರುವುದು ಸಾಮಾನ್ಯವಾಗಿ ಒಂದೇ ವಾಕ್ಯ: ದೃಶ್ಯಸಜ್ಜಿಕೆ ಕಣ್ಮನ ಸೆಳೆಯುವಂತಿತ್ತು. ಈ ಒಂದು ವಾಕ್ಯ ಹೊಗಳಿಕೆಯೂ ಹೌದು, ತಿರಸ್ಕಾರವೂ ಹೌದು. ಚಿತ್ರಕಾರನ ಕೆಲಸ ಕಣ್ಣಿಗೆ ಸಂಬಂಧಿಸಿದ್ದು, ನಾಟಕದ ಅರ್ಥಕ್ಕಲ್ಲ ಎಂಬ ತೀರ್ಮಾನ ಅದರ ಒಳಗೆ ಅಡಗಿದೆ.

ಈ ತೀರ್ಮಾನವನ್ನು ಪ್ರಶ್ನಿಸುವುದು ಪ್ರಸ್ತುತ ಲೇಖನದ ಉದ್ದೇಶ. ನಾವು ಇಲ್ಲಿ ಕೇಳುವ ಪ್ರಶ್ನೆ ತೀರ ಸರಳವಾದುದು. ಬಣ್ಣದ ಪರದೆ ಸುಂದರವಾಗಿತ್ತೇ, ನೈಜವಾಗಿತ್ತೇ ಎಂಬುದಲ್ಲ. ಆ ಪರದೆಯ ಮುಂದೆ ನಟ ಎಲ್ಲಿ ನಿಲ್ಲಬೇಕಾಯಿತು ಎಂಬುದು. ಈ ಪ್ರಶ್ನೆಯನ್ನು ಹಿಡಿದು ಹೊರಟರೆ ರಂಗಚಿತ್ರಕಾರ ಅಲಂಕಾರದ ಪಟ್ಟಿಯಿಂದ ಹೊರಬಂದು, ನಾಟಕಕ್ಕೆ ರೂಪ ಕೊಟ್ಟವರ ಸಾಲಿನಲ್ಲಿ ನಿಲ್ಲುತ್ತಾನೆಂದು ನಾವು ಭಾವಿಸುತ್ತೇವೆ.

೨

ಚರ್ಚೆಗೆ ಆಧಾರವಾಗಿ ಕೊಲ್ಲಾಪುರ ಮತ್ತು ಹುಬ್ಬಳ್ಳಿಗಳ ನಡುವಣ ನಾಟಕ ಪ್ರದೇಶವನ್ನು ತೆಗೆದುಕೊಳ್ಳುತ್ತೇವೆ. ಭಾಷಾವಾರು ಪ್ರಾಂತಗಳ ಗೆರೆ ಬೀಳುವ ಮುನ್ನ ಈ ಪ್ರದೇಶ ಎರಡು ಭಾಷೆಗಳ ಒಂದೇ ರಂಗಭೂಮಿಯಾಗಿತ್ತೆಂದರೆ ಅತಿಶಯೋಕ್ತಿಯಾಗಲಾರದು. ಉತ್ತರ ಕನ್ನಡದ ಯಕ್ಷಗಾನ ಮೇಳವೊಂದು ಸಾಂಗ್ಲಿಯಲ್ಲಿ ಆಡಿದ ಆಟದ ಪ್ರೇರಣೆಯಿಂದ ವಿಷ್ಣುದಾಸ ಭಾವೆಯವರು ೧೮೪೩ರಲ್ಲಿ 'ಸೀತಾಸ್ವಯಂವರ'ವನ್ನು ರಂಗಕ್ಕೆ ತಂದುದು ಸುಪರಿಚಿತ ಸಂಗತಿ. ೧೮೮೦ರಲ್ಲಿ ಪುಣೆಯಲ್ಲಿ 'ಸಂಗೀತ ಶಾಕುಂತಲ'ವನ್ನಾಡಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಮರಾಠಿ ರಂಗಭೂಮಿಯ ಹೆಮ್ಮೆಯ 'ಲಲಿತಕಲಾದರ್ಶ' ಮಂಡಳಿಯನ್ನು ಕೇಶವರಾವ್ ಭೋಸಲೆಯವರು ೧೯೦೮ರಲ್ಲಿ ಸ್ಥಾಪಿಸಿದ್ದು ಹುಬ್ಬಳ್ಳಿಯಲ್ಲಿ. ಒಂದು ಕಂಪನಿಯ ರಾಗ, ಒಂದರ ಕಥೆ, ಒಂದರ ಸೀನರಿ ಇನ್ನೊಂದಕ್ಕೆ ಹಾಯ್ದು ಬರಲು ಇಲ್ಲಿ ಅನುವಾದಕರ ಅಗತ್ಯವಿರಲಿಲ್ಲ.

ಈ ಪ್ರದೇಶದ ರಂಗಚಿತ್ರಕಾರರಲ್ಲಿ ಅಗ್ರಗಣ್ಯರೆಂದು ಹೆಸರಾದವರು ಕೊಲ್ಲಾಪುರದ ಬಾಬುರಾವ್ ಮೇಸ್ತ್ರಿ (೧೮೯೦-೧೯೫೪) ಮತ್ತು ಅವರ ದಾಯಾದಿ ಸೋದರ ಆನಂದರಾವ್. ಚಿತ್ರಶಾಲೆಯಲ್ಲಿ ಕಲಿಯದೆ, ಕೈಕೆಲಸದ ಮನೆತನದಿಂದ ಬಂದ ಈ ಇಬ್ಬರು ೧೯೧೦ರಿಂದ ೧೯೧೬ರವರೆಗಿನ ಅವಧಿಯಲ್ಲಿ ಮರಾಠಿ ಸಂಗೀತ ನಾಟಕ ಮಂಡಳಿಗಳಿಗೂ ಗುಜರಾತಿ-ಪಾರ್ಸಿ ಕಂಪನಿಗಳಿಗೂ ಪರದೆಗಳನ್ನು ಬರೆದುಕೊಟ್ಟರು. ಅವರ ಕಸುಬೇ ಅವರ ಹೆಸರಾಯಿತು. ಮೇಸ್ತ್ರಿ ಎಂಬ ಮನೆತನದ ಹೆಸರು ಹಿಂದೆ ಸರಿದು 'ಪೇಂಟರ್' ಎಂಬುದೇ ಶಾಶ್ವತವಾಗಿ ಉಳಿಯಿತು. ಆನಂದರಾವ್ ೧೯೧೬ರಲ್ಲಿ ತೀರಿಕೊಂಡರು. ಬಾಬುರಾವ್ ಮುಂದೆ ಕ್ಯಾಮೆರಾ ಹಿಡಿದು, ಮಹಾರಾಷ್ಟ್ರ ಫಿಲ್ಮ್ ಕಂಪನಿಯನ್ನು ಕಟ್ಟಿ, ೧೯೨೦ರಲ್ಲಿ 'ಸೈರಂಧ್ರಿ'ಯನ್ನು ತೆರೆಗೆ ತಂದರು. ಅವರ ಗರಡಿಯಿಂದ ಬಂದ ದಾಮ್ಲೆ, ಫತ್ತೇಲಾಲ್, ಶಾಂತಾರಾಮರು ಮುಂದೆ ಪ್ರಭಾತ್ ಸಂಸ್ಥೆಯನ್ನು ಕಟ್ಟಿದವರು.

ಚಲನಚಿತ್ರ ಚರಿತ್ರೆಕಾರರು ಬಾಬುರಾವ್ ಅವರ ಬಗ್ಗೆ ಒಂದು ಮಾತನ್ನು ಒತ್ತಿ ಹೇಳುತ್ತಾರೆ: ಚಿತ್ರೀಕರಣದಲ್ಲಿ ಬಣ್ಣದ ಪರದೆಯನ್ನು ಕೈಬಿಟ್ಟು, ಜನ ಓಡಾಡಬಲ್ಲ ಘನವಾದ ಮನೆಮಾಡುಗಳನ್ನು ಕಟ್ಟಿಸಿದವರಲ್ಲಿ ಅವರು ಮೊದಲಿಗರು. ಪರದೆ ಬರೆಯುವುದರಲ್ಲಿ ಮೇಲುಗೈಯೆನಿಸಿದವನೇ ಪರದೆಯನ್ನು ತೊರೆದನೆಂಬುದು ಮೇಲ್ನೋಟಕ್ಕೆ ವಿರೋಧಾಭಾಸವಾಗಿ ಕಾಣುತ್ತದೆ. ನಮಗೆ ಹಾಗೆ ತೋರುವುದಿಲ್ಲ. ಪರದೆಯ ಮಿತಿಯನ್ನು ಅದನ್ನು ಬರೆದವನಷ್ಟು ಚೆನ್ನಾಗಿ ಬಲ್ಲವರು ಬೇರಾರೂ ಇರಲಾರರು. ಆ ಮಿತಿ ಯಾವುದೆಂದು ನೋಡೋಣ.

೩

ಕಂಪನಿಯ ಪರದೆ ಹುಟ್ಟುವ ಬಗೆಯನ್ನು ಸಂಕ್ಷೇಪವಾಗಿ ನೆನೆಯಬಹುದು. ಅಗಲವಾದ ಹತ್ತಿಯ ಬಟ್ಟೆಗಳನ್ನು ಒಂದಕ್ಕೊಂದು ಹೊಲಿದು, ಅಂಟಿನ ಲೇಪ ಕೊಟ್ಟು ಬಿಗಿಗೊಳಿಸಿ, ಅದರ ಮೇಲೆ ಅಂಟಿನಲ್ಲಿ ಕಲಸಿದ ಪುಡಿಬಣ್ಣದಿಂದ ಚಿತ್ರವನ್ನು ಬರೆಯಲಾಗುತ್ತಿತ್ತು. ಕೆಳಗೆ ಕೋಲು ಕಟ್ಟಿ, ಹಗ್ಗದಿಂದ ಸುರುಳಿ ಸುತ್ತಿ ಏರಿಸಲು ಇಳಿಸಲು ಅನುವು ಮಾಡಲಾಗುತ್ತಿತ್ತು. ಇಕ್ಕೆಲಗಳಲ್ಲಿ ವಿಂಗುಗಳು, ಮೇಲೆ ಝಾಲರು. ಊರಿಂದೂರಿಗೆ ಗಾಡಿಯಲ್ಲೋ ರೈಲಿನಲ್ಲೋ ಸಾಗುವ ಕಂಪನಿಗೆ ಸುರುಳಿಯಾಗಿ ಸುತ್ತಿಡಬಲ್ಲ ಅರಮನೆಗಿಂತ ಅನುಕೂಲವಾದ ಅರಮನೆ ಇನ್ನೊಂದಿರಲಿಲ್ಲ. ಅರಮನೆ, ದರ್ಬಾರು, ಉದ್ಯಾನ, ಕಾಡು, ಗುಡಿಸಲು, ಸೆರೆಮನೆ, ರಸ್ತೆ ಎಂಬ ಕೆಲವೇ ಪರದೆಗಳಿದ್ದರೆ ಪೌರಾಣಿಕದಿಂದ ಸಾಮಾಜಿಕದವರೆಗೆ ಎಲ್ಲ ನಾಟಕಗಳೂ ಸಾಗುತ್ತಿದ್ದವು.

ಈ ಪರದೆಗಳ ವಿಶೇಷವೆಂದರೆ ಯುರೋಪಿನಿಂದ ಪಾರ್ಸಿ ಕಂಪನಿಗಳ ಮೂಲಕ ಬಂದ ದೂರದರ್ಶಿ ಚಿತ್ರಣ. ರಸ್ತೆಯ ಎರಡೂ ಬದಿಯ ಮನೆಗಳು ಹಿಂದೆ ಹಿಂದೆ ಹೋದಂತೆ ಕಿರಿದಾಗಿ ಒಂದು ಬಿಂದುವಿನಲ್ಲಿ ಸೇರುತ್ತವೆ. ಅರಮನೆಯ ಕಂಬಗಳ ಸಾಲು ಕೂಡ ಹಾಗೆಯೇ. ಕೆಲವೇ ಗಜಗಳ ರಂಗದ ಮೇಲೆ ಹರದಾರಿ ದೂರದ ಭ್ರಮೆಯನ್ನು ಹುಟ್ಟಿಸುವ ಈ ವಿದ್ಯೆ ಪ್ರೇಕ್ಷಕರನ್ನು ಬೆರಗುಗೊಳಿಸಿತೆಂಬುದರಲ್ಲಿ ಅಚ್ಚರಿಯಿಲ್ಲ.

ಆದರೆ ಈ ಭ್ರಮೆಗೆ ಒಂದು ಷರತ್ತಿತ್ತು. ನಟ ಪರದೆಯ ಸಮೀಪಕ್ಕೆ ಹೋಗಕೂಡದು. ಹೋದರೆ ದೂರದಲ್ಲಿರುವಂತೆ ಬರೆದ ಮನೆಯ ಬಾಗಿಲು ಅವನ ಸೊಂಟಕ್ಕೆ ಬರುತ್ತದೆ, ಗೋಪುರ ಅವನ ಭುಜಕ್ಕೆ. ಬೆಳಕು ಮುಂದಿನಿಂದ ಬೀಳುತ್ತಿದ್ದರೆ ಅವನ ನೆರಳು ಆಕಾಶದ ಮೇಲೆ ಬೀಳುತ್ತದೆ. ಅಂದರೆ ಚಿತ್ರದಲ್ಲಿ ಎಷ್ಟು ಆಳವಿದೆಯೋ ನಟನಿಗೆ ಅಷ್ಟು ಆಳ ನಿಷಿದ್ಧ. ಅರಮನೆಯನ್ನು ಅವನಿಗಾಗಿ ಬರೆಯಲಾಗಿದೆ, ಆದರೆ ಅದರೊಳಗೆ ಅವನಿಗೆ ಪ್ರವೇಶವಿಲ್ಲ. ಅವನು ರಂಗದ ಮುಂಭಾಗದಲ್ಲಿ, ದೀಪಗಳ ಸಮೀಪದಲ್ಲಿ, ಪ್ರೇಕ್ಷಕರಿಗೆ ಎದುರಾಗಿ ನಿಲ್ಲಬೇಕು, ನಿಂತು ಹಾಡಬೇಕು.

ಕಂಪನಿ ನಾಟಕದ ಅಭಿನಯ ಸದಾ ಪ್ರೇಕ್ಷಕಾಭಿಮುಖವಾಗಿತ್ತು, ಸಂಭಾಷಣೆ ಎದುರಾಳಿಗಿಂತ ಹೆಚ್ಚಾಗಿ ಸಭೆಯನ್ನು ಉದ್ದೇಶಿಸಿರುತ್ತಿತ್ತು ಎಂದು ನಮ್ಮ ವಿಮರ್ಶಕರು ಪದೇಪದೇ ಹೇಳಿದ್ದಾರೆ. ಧ್ವನಿವರ್ಧಕವಿಲ್ಲದ ಕಾಲದ ಅನಿವಾರ್ಯತೆ, ಸಂಗೀತದ ಪ್ರಾಧಾನ್ಯ ಮುಂತಾದ ಕಾರಣಗಳನ್ನೂ ಸೂಚಿಸಿದ್ದಾರೆ. ಅವೆಲ್ಲವೂ ಸರಿಯೆ. ಅವುಗಳ ಜೊತೆಗೆ ಚಿತ್ರಕಾರನ ಕುಂಚವೂ ನಟನನ್ನು ಮುಂದಕ್ಕೆ ತಳ್ಳುತ್ತಿತ್ತೆಂಬುದನ್ನು ಸೇರಿಸಬೇಕಾಗಿದೆ. ಇನ್ನೊಂದು ಸೂಕ್ಷ್ಮವೂ ಇದೆ. ದೂರದರ್ಶಿ ಚಿತ್ರ ಸರಿಯಾಗಿ ಕೂಡಿಕೊಳ್ಳುವುದು ರಂಗದ ನಟ್ಟನಡುವಿನ ನೇರಕ್ಕೆ ಕುಳಿತವನ ಕಣ್ಣಿಗೆ. ಬದಿಯಲ್ಲಿ ಕುಳಿತವನಿಗೆ ಕಂಬಗಳು ವಾಲಿದಂತೆ ತೋರುತ್ತವೆ. ನಡುವಿನ ಕುರ್ಚಿ ಯಾರದು, ಬದಿಯ ನೆಲ ಯಾರದು ಎಂಬುದು ಟಿಕೆಟ್ಟಿನ ದರದಿಂದ ನಿರ್ಧಾರವಾಗುತ್ತಿತ್ತು. ಪರದೆ ನಟನಿಗೆ ನೆಲೆಯನ್ನು ಗೊತ್ತುಮಾಡಿದಂತೆ ಪ್ರೇಕ್ಷಕರಲ್ಲಿಯೂ ತಾರತಮ್ಯ ಮಾಡುತ್ತಿತ್ತು.

ಬಾಬುರಾವ್ ಪೇಂಟರ್ ಸಿನಿಮಾದಲ್ಲಿ ಪರದೆಯನ್ನು ಬಿಟ್ಟುಕೊಟ್ಟುದಕ್ಕೆ ಇಲ್ಲಿ ಒಂದು ವಿವರಣೆ ದೊರೆಯುತ್ತದೆ. ಒಂದೇ ಕುರ್ಚಿಯಲ್ಲಿ ಕುಳಿತ ಕಣ್ಣನ್ನು ಪರದೆ ಒಪ್ಪಿಸಬಲ್ಲದು. ಮತ್ತೆ ಮತ್ತೆ ಜಾಗ ಬದಲಿಸುವ ಕ್ಯಾಮೆರಾವನ್ನು ಒಪ್ಪಿಸಲಾರದು. ಪಾತ್ರಗಳು ಹಿಂದಕ್ಕೂ ಮುಂದಕ್ಕೂ ನಡೆದಾಡಬೇಕಾದರೆ ಆಳವನ್ನು ಬರೆದರೆ ಸಾಲದು, ಕಟ್ಟಬೇಕು.

೪

ಪರದೆಗಳಲ್ಲೆಲ್ಲ ವಿಮರ್ಶೆಯ ದೃಷ್ಟಿಯಿಂದ ನಮಗೆ ಅತ್ಯಂತ ಮುಖ್ಯವೆನಿಸುವುದು ಎಲ್ಲಕ್ಕಿಂತ ಸಾಧಾರಣವಾದ ರಸ್ತೆಯ ಪರದೆ. ಅದು ರಂಗದ ಮುಂಭಾಗದಲ್ಲೇ ಇಳಿಯುತ್ತದೆ. ಅದರ ಮುಂದಿನ ಇಕ್ಕಟ್ಟಾದ ಜಾಗದಲ್ಲಿ ಸೇವಕರು, ಕಳ್ಳರು, ಹಾಸ್ಯಗಾರರು ಮಾತಾಡಿ ನಗಿಸುತ್ತಿರುವಾಗ, ಹಿಂದೆ ರಂಗದ ಕೆಲಸಗಾರರು ದರ್ಬಾರಿನ ಸಿಂಹಾಸನವನ್ನು ಸದ್ದಿಲ್ಲದೆ ಹೊಂದಿಸುತ್ತಾರೆ. ರಸ್ತೆಯ ಪರದೆ ಮೇಲೇರಿದೊಡನೆ ರಾಜ ತನ್ನ ಪೂರ್ಣ ವೈಭವದಲ್ಲಿ ಕಾಣಿಸಿಕೊಳ್ಳುತ್ತಾನೆ.

ಇದು ಕೇವಲ ಅನುಕೂಲದ ಏರ್ಪಾಡು. ಆದರೆ ನೂರಾರು ರಾತ್ರಿ ಪುನರಾವೃತ್ತಿಯಾದ ಅನುಕೂಲ ಒಂದು ಅರ್ಥವಾಗಿ ಹೆಪ್ಪುಗಟ್ಟುತ್ತದೆ. ಆಳವಿರುವ ರಂಗ ಅರಸರದು, ಆಳವಿಲ್ಲದ ರಂಗ ಸಾಮಾನ್ಯರದು. ಗಂಭೀರವಾದುದು ಹಿಂದೆ, ಹಾಸ್ಯ ಮುಂದೆ ಎಂಬ ವರ್ಗವಿಭಜನೆಯನ್ನು ಒಂದು ಬಟ್ಟೆಯ ತುಂಡು ಪ್ರೇಕ್ಷಕರ ಮನಸ್ಸಿನಲ್ಲಿ ಅಚ್ಚೊತ್ತಿತು. ಅದನ್ನು ಯಾವ ನಾಟಕಕಾರನೂ ಬರೆಯಲಿಲ್ಲ.

ಈ ವಿಭಜನೆಯನ್ನು ತಿಳಿದೂ ತಿಳಿದೇ ಬಳಸಿಕೊಂಡ ಕೃತಿ ಗಿರೀಶ ಕಾರ್ನಾಡರ 'ತುಘಲಕ್' (೧೯೬೪). ೧೯೯೪ರಲ್ಲಿ ಪ್ರಕಟವಾದ ತಮ್ಮ ಮೂರು ನಾಟಕಗಳ ಇಂಗ್ಲಿಷ್ ಸಂಕಲನದ ಪ್ರಸ್ತಾವನೆಯಲ್ಲಿ ಕಾರ್ನಾಡರು ಪಾರ್ಸಿ ನಾಟಕದ ಈ ಎರಡು ಬಗೆಯ ದೃಶ್ಯಗಳನ್ನು ವಿವರಿಸಿ, ಅವುಗಳ ಮೇಲೆಯೇ ತಮ್ಮ ನಾಟಕದ ಬಂಧ ನಿಂತಿರುವುದನ್ನು ತಿಳಿಸಿದ್ದಾರೆ. ಸುಲ್ತಾನನಿಗೆ ಆಳದ ದೃಶ್ಯಗಳು, ಅಝೀಝ್ ಮತ್ತು ಆಝಮರಿಗೆ ರಸ್ತೆಯ ದೃಶ್ಯಗಳು. ನಾಟಕ ಮುಂದುವರಿದಂತೆ ಅರಮನೆ ಬರಿದಾಗುತ್ತ, ರಸ್ತೆ ತುಂಬಿಕೊಳ್ಳುತ್ತ ಹೋಗುತ್ತದೆ. ಕೊನೆಗೆ ರಸ್ತೆಯ ಪರದೆಗೆ ಸೇರಿದ ಅಗಸ ಅಝೀಝ್ ಸುಲ್ತಾನನ ಎದುರಿಗೇ, ಆಳದ ದೃಶ್ಯದೊಳಗೇ ಸರಿಸಮನಾಗಿ ನಿಂತು ಮಾತನಾಡುತ್ತಾನೆ.

ಈ ಮುಖಾಮುಖಿಯನ್ನು ನಮ್ಮ ವಿಮರ್ಶೆ ರಾಜಕೀಯ ವ್ಯಂಗ್ಯವಾಗಿ, ಆದರ್ಶದ ಸೋಲಾಗಿ, ಬಿಂಬ-ಪ್ರತಿಬಿಂಬಗಳ ಸಂಧಿಯಾಗಿ ಓದಿದೆ. ಅವೆಲ್ಲವೂ ಸಾಧುವಾದ ಓದುಗಳೇ. ಆದರೆ ಕಂಪನಿ ನಾಟಕ ನೋಡಿ ಬೆಳೆದ ಪ್ರೇಕ್ಷಕನಿಗೆ ಆ ಕ್ಷಣದ ಆಘಾತ ಅದಕ್ಕೂ ಮೊದಲು ಕಣ್ಣಿಗೆ ತಗಲುತ್ತದೆ: ಪರದೆಯ ಈಚೆಗಿರಬೇಕಾದವನು ಆಚೆಗೆ ಬಂದುಬಿಟ್ಟಿದ್ದಾನೆ. ಹೆಸರಿಲ್ಲದ ಚಿತ್ರಕಾರರು ಬರೆದ ಆ ರಸ್ತೆಗಳು ಬಟ್ಟೆಯ ರೂಪದಲ್ಲಿ ಹರಿದುಹೋದವು. ಬಂಧದ ರೂಪದಲ್ಲಿ ಆಧುನಿಕ ಕನ್ನಡದ ಶ್ರೇಷ್ಠ ನಾಟಕವೊಂದರಲ್ಲಿ ಉಳಿದುಕೊಂಡವು. ರಂಗಚಿತ್ರಕಾರ ನಾಟಕದ ಅರ್ಥದಲ್ಲಿ ಪಾಲುದಾರನಲ್ಲ ಎನ್ನುವವರಿಗೆ ಇದಕ್ಕಿಂತ ಬಲವಾದ ಉತ್ತರ ನಮಗೆ ತಿಳಿಯದು.

ಇಬ್ರಾಹಿಂ ಅಲ್ಕಾಝಿಯವರು ಇದೇ ನಾಟಕವನ್ನು ೧೯೭೪ರಲ್ಲಿ ದೆಹಲಿಯ ಪುರಾನಾ ಕಿಲಾದಲ್ಲಿ ಆಡಿಸಿದಾಗ ಪರದೆಯ ಜಾಗದಲ್ಲಿ ನಿಜವಾದ ಕಲ್ಲಿನ ಗೋಡೆಗಳು ಬಂದವು. ಆ ಪ್ರಯೋಗದ ಭವ್ಯತೆಯ ಬಗ್ಗೆ ಎರಡು ಮಾತಿಲ್ಲ. ಆದರೂ ನಾವು ಒಂದು ಸಂಶಯವನ್ನು ದಾಖಲಿಸಬಯಸುತ್ತೇವೆ. ಕೋಟೆಯಲ್ಲಿ ಎಲ್ಲವೂ ಆಳವೇ. ಎಲ್ಲರಿಗೂ ಆಳ ದೊರೆತ ಮೇಲೆ, ಆಳಕ್ಕೆ ಹೊಕ್ಕ ಅಗಸನ ಅತಿಕ್ರಮಣ ಮಾತಿನಲ್ಲಿ ಉಳಿಯುತ್ತದೆಯೇ ಹೊರತು ನೋಟದಲ್ಲಿ ಉಳಿಯುವುದು ಕಷ್ಟ.

೫

ಬಣ್ಣದ ಪರದೆಯ ವಿರುದ್ಧ ಎದ್ದ ಆಕ್ಷೇಪಗಳಲ್ಲಿ ಎಲ್ಲಕ್ಕಿಂತ ಗಂಭೀರವಾದುದು ರವೀಂದ್ರನಾಥ ಠಾಕೂರರದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬರೆದ 'ರಂಗಮಂಚ' ಎಂಬ ಪ್ರಬಂಧದಲ್ಲಿ ಅವರು, ಬಂಗಾಳದ ಜಾತ್ರಾದಲ್ಲಿ ನಟನಿಗೂ ಪ್ರೇಕ್ಷಕನಿಗೂ ನಡುವೆ ಇರುವ ನಂಬಿಕೆಯನ್ನು ಎತ್ತಿಹಿಡಿದು, ಚಿತ್ರಿತ ದೃಶ್ಯಗಳು ಪ್ರೇಕ್ಷಕನ ಕಲ್ಪನೆಯನ್ನು ಅವಮಾನಿಸುತ್ತವೆಂದು ವಾದಿಸಿದರು. ನಮ್ಮಲ್ಲಿಯೂ ಯಕ್ಷಗಾನದ ಬರಿಯ ರಂಗವನ್ನು ಮುಂದಿಟ್ಟು ಇದೇ ಬಗೆಯ ವಾದವನ್ನು ಮಾಡಲಾಗಿದೆ. ಒಂದು ಸುತ್ತು ಹಾಕಿದರೆ ಲೋಕಾಂತರ. ಇದಕ್ಕೆ ಪರದೆ ಏತಕ್ಕೆ?

ಈ ವಾದದ ಸತ್ಯವನ್ನು ನಾವು ಅಲ್ಲಗಳೆಯುವುದಿಲ್ಲ. ಎಲ್ಲ ಕಾಡುಗಳಿಗೂ ಒಂದೇ ಕಾಡು, ದಮಯಂತಿಗೂ ಸೀತೆಗೂ ಅದೇ ಮರ ಎಂಬಂಥ ಸಿದ್ಧ ಪರದೆ ಕಲ್ಪನೆಯನ್ನು ಮಂಕಾಗಿಸುತ್ತದೆ ನಿಜ. ಆದರೆ ಆಕ್ಷೇಪ ತಗಲುವುದು ಸಿದ್ಧ ಪರದೆಗೆ ಹೊರತು ಚಿತ್ರಕಾರನಿಗಲ್ಲ. ರವೀಂದ್ರರೇ ೧೯೧೭ರಲ್ಲಿ ಜೋಡಾಸಾಂಕೋದ ಮನೆಯಲ್ಲಿ 'ಡಾಕ್‌ಘರ್' ಆಡಿಸಿದಾಗ ರಂಗವನ್ನು ಸಜ್ಜುಗೊಳಿಸಲು ಮುಂದಾದವರು ಅವನೀಂದ್ರನಾಥ, ಗಗನೇಂದ್ರನಾಥ, ನಂದಲಾಲ ಬಸು ಅವರಂಥ ಚಿತ್ರಕಾರರು. ಅವರು ರಂಗದ ಮೇಲೆ ಹುಲ್ಲು ಹೊದಿಸಿದ ಹಳ್ಳಿಮನೆಯೊಂದನ್ನು ಮೂಡಿಸಿದರು. ಕಾಯಿಲೆಯ ಹುಡುಗ ಅಮಲ ಕಿಟಕಿಯ ಬಳಿಯಲ್ಲೇ ಬದುಕುವ ಆ ನಾಟಕಕ್ಕೆ ಬೇಕಾದುದು ಹರದಾರಿ ದೂರದ ನೋಟವಲ್ಲ, ಕೈಗೆಟಕುವ ಒಂದು ಚೌಕಟ್ಟು. ನಾಟಕವನ್ನು ಓದಿ ಕೈಹಚ್ಚಿದ ಚಿತ್ರಕಾರನಿಗೂ ಕೇಳಿದ ಅಳತೆಗೆ ಅರಮನೆ ಬರೆದುಕೊಡುವ ಚಿತ್ರಕಾರನಿಗೂ ಇರುವ ಅಂತರ ಇಲ್ಲಿ ಸ್ಪಷ್ಟವಾಗುತ್ತದೆ.

ಚಿತ್ರಿತ ಬಟ್ಟೆಯೆಂದರೆ ಪರದೇಶದ ಅನುಕರಣೆ ಎಂಬ ಮಾತೂ ಪೂರ್ತಿ ನಿಲ್ಲುವಂಥದಲ್ಲ. ನಾಥದ್ವಾರದಲ್ಲಿ ಶ್ರೀನಾಥಜಿಯ ಹಿಂದೆ ಋತುವಿಗೆ, ಹಬ್ಬಕ್ಕೆ ತಕ್ಕಂತೆ ಬದಲಾಗುವ ಪಿಛವಾಯಿ ಚಿತ್ರಿತ ಹಿನ್ನೆಲೆಯೇ ಅಲ್ಲವೆ? ನಮ್ಮ ತೊಗಲುಗೊಂಬೆಯಾಟದಲ್ಲಿ ಒಂದೇ ದೊಡ್ಡ ತೊಗಲಿನ ಮೇಲೆ ಪಾತ್ರಗಳನ್ನೂ ಅವರ ಸುತ್ತಣ ಮರ-ಮಂಟಪಗಳನ್ನೂ ಕೂಡಿಸಿ ಬರೆಯುವ ಪದ್ಧತಿಯಿದೆ. ಅಲ್ಲಿ ಪಾತ್ರ ಬೇರೆ, ಹಿನ್ನೆಲೆ ಬೇರೆ ಅಲ್ಲ. ಎರಡಕ್ಕೂ ಒಂದೇ ಚರ್ಮ, ಒಂದೇ ದೀಪ. ಪರದೇಶದಿಂದ ಬಂದುದು ಬಟ್ಟೆಯ ಮೇಲಿನ ಬಣ್ಣವಲ್ಲ, ಆ ಬಣ್ಣವನ್ನು ಒಂದು ಬಿಂದುವಿಗೆ ಕಟ್ಟಿಹಾಕಿದ ಕ್ರಮ.

೬

ಹಾಗಾದರೆ ಆ ಬಿಂದುವಿನಿಂದ ಬಿಡಿಸಿಕೊಂಡ ಚಿತ್ರ ನಟನಿಗೆ ಯಾವ ನೆಲೆಯನ್ನು ಕೊಟ್ಟೀತು? ಈ ಪ್ರಶ್ನೆಗೆ ನಮ್ಮ ಕಾಲದ ಒಂದು ಉತ್ತರ ಬರೋಡಾದ ಚಿತ್ರಕಲಾವಿದೆ ನೀಲಿಮಾ ಶೇಖ್ ಅವರ ಕೆಲಸದಲ್ಲಿದೆ. ಅನುರಾಧಾ ಕಪೂರ್ ಅವರ ನಿರ್ದೇಶನದಲ್ಲಿ ದೆಹಲಿಯ 'ವಿವಾದಿ' ತಂಡ ೧೯೯೩ರಲ್ಲಿ ಆಡಿದ, ಗೀತಾಂಜಲಿ ಶ್ರೀ ರಂಗರೂಪ ನೀಡಿದ 'ಉಮರಾವ್' ನಾಟಕಕ್ಕೆ ರಂಗದ ಚಿತ್ರಗಳನ್ನು ಬರೆದವರು ಅವರು. ಕೈಯಗಲದ ಕಾಗದದ ಮೇಲೆ ಟೆಂಪೆರಾದಲ್ಲಿ ಬರೆಯುತ್ತಿದ್ದ, ಕಿರುಚಿತ್ರ ಸಂಪ್ರದಾಯವನ್ನೂ ಪಿಛವಾಯಿಯನ್ನೂ ಆಳವಾಗಿ ಅಭ್ಯಸಿಸಿದ ಕಲಾವಿದೆಗೆ ರಂಗಭೂಮಿ ಒಮ್ಮೆಲೇ ಆಳೆತ್ತರದ ಮೇಲ್ಮೈಯನ್ನು ಒದಗಿಸಿತು.

ನಮ್ಮ ಕಿರುಚಿತ್ರಗಳಲ್ಲಿ ಅಂಗಳ, ಮಹಡಿ, ತೋಟ, ನದಿ ಎಲ್ಲವೂ ಒಂದರ ಮೇಲೊಂದಾಗಿ, ಒಂದರ ಪಕ್ಕ ಒಂದಾಗಿ ಹರಡಿಕೊಂಡಿರುತ್ತವೆ. ದೂರದ್ದು ಕಿರಿದಾಗಲೇಬೇಕೆಂಬ ಕಟ್ಟಳೆ ಅಲ್ಲಿಲ್ಲ. ಅಂಥ ಚಿತ್ರದ ಮುಂದೆ ನಟಿ ಎಲ್ಲಿ ನಿಂತರೂ ದೈತ್ಯಳಾಗುವುದಿಲ್ಲ. ಚಿತ್ರ ತನ್ನನ್ನು ನಿಜವೆಂದು ಸಾಧಿಸಹೊರಡದಿರುವುದರಿಂದ ಅವಳು ಅದನ್ನು ಸುಳ್ಳಾಗಿಸುವ ಭಯವೂ ಇಲ್ಲ. ಲಖನೌದ ಗಣಿಕೆಯೊಬ್ಬಳು ತನ್ನ ಬಾಳನ್ನು ತಾನೇ ನೆನೆದು ಹೇಳುವ ಕಥೆಗೆ, ಒಂದೇ ಕಣ್ಣಿಗೆ ಒಂದೇ ಕ್ಷಣದಲ್ಲಿ ತೋರುವ ನೋಟಕ್ಕಿಂತ ಹಲವು ಕಾಲ-ಸ್ಥಳಗಳನ್ನು ಒಟ್ಟಿಗೆ ಹಿಡಿದಿಡುವ ಈ ಚಿತ್ರಭಾಷೆ ಹೆಚ್ಚು ಹತ್ತಿರದ್ದೆಂಬುದು ಸಹಜ. ನೆನಪಿಗೆ ಒಂದು ಬಿಂದುವಿನ ದೂರದರ್ಶಿತ್ವವಿರುವುದಿಲ್ಲ.

ಈ ಸಂಬಂಧ ಏಕಮುಖವಾದುದೂ ಅಲ್ಲ. ೧೯೯೬ರಲ್ಲಿ ನೀಲಿಮಾ ಶೇಖ್ ಬ್ರಿಸ್ಬೇನ್ ನಗರದ ಕಲಾಪ್ರದರ್ಶನಕ್ಕೆ 'ಶಾಮಿಯಾನಾ' ಎಂಬ ಕೃತಿಯನ್ನು ರಚಿಸಿದರು. ಮೇಲೆ ಚಿತ್ರಿತ ಮೇಲ್ಕಟ್ಟು, ಸುತ್ತ ತೂಗುವ ಎರಡೂ ಮುಖದಲ್ಲಿ ಬರೆದ ಪಟಗಳು. ನೋಡುಗ ಅವುಗಳ ನಡುವೆ ಹಾದು ಒಳಗೆ ಹೋಗಬೇಕು. ಕಂಪನಿಯ ಪರದೆ ನಟನನ್ನೂ ತಡೆದು ನಿಲ್ಲಿಸಿತ್ತು. ಈ ಪಟಗಳು ಪ್ರೇಕ್ಷಕನನ್ನೂ ಒಳಗೆ ಕರೆದವು. ಚಿತ್ರಕಾರ ರಂಗಭೂಮಿಗೆ ಕೊಟ್ಟದ್ದನ್ನು ಮಾತ್ರ ಲೆಕ್ಕ ಹಾಕುವ ನಾವು, ರಂಗಭೂಮಿ ಚಿತ್ರಕಲೆಗೆ ಕೊಟ್ಟದ್ದನ್ನೂ ಗಮನಿಸಬೇಕೆಂಬುದಕ್ಕೆ ಇದೊಂದು ನಿದರ್ಶನ.

೭

ಕೊನೆಯದಾಗಿ ಒಂದು ವ್ಯಾವಹಾರಿಕ ಮಾತು. ೨೦೨೪ರ ಆಗಸ್ಟ್ ೮ರ ರಾತ್ರಿ ಕೊಲ್ಲಾಪುರದ ಕೇಶವರಾವ್ ಭೋಸಲೆ ನಾಟ್ಯಗೃಹ ಬೆಂಕಿಗೆ ಆಹುತಿಯಾಯಿತು. ಶಾಹೂ ಮಹಾರಾಜರ ಕಾಲದಲ್ಲಿ, ೧೯೧೫ರಲ್ಲಿ, ಪ್ಯಾಲೆಸ್ ಥಿಯೇಟರ್ ಎಂಬ ಹೆಸರಿನಿಂದ ಆರಂಭವಾದ ಆ ರಂಗಮಂದಿರ ಸುಟ್ಟದ್ದು ಹುಬ್ಬಳ್ಳಿಯಲ್ಲಿ ಮಂಡಳಿ ಕಟ್ಟಿದ ಆ ಮಹಾನಟನ ಜನ್ಮದಿನದ ಹಿಂದಿನ ರಾತ್ರಿ. ಸುದ್ದಿ ಎಲ್ಲೆಡೆ ಹಬ್ಬಿತು, ಜನ ಕಣ್ಣೀರಿಟ್ಟರು. ಅದು ಯೋಗ್ಯವೇ. ಆದರೆ ಕಟ್ಟಡಕ್ಕೆ ಬೆಂಕಿ ಬಿದ್ದರೆ ಸುದ್ದಿಯಾಗುತ್ತದೆ. ಪರದೆ ಹರಿದರೆ ಆಗುವುದಿಲ್ಲ. ಕಂಪನಿ ಮುಚ್ಚಿದಾಗ ಒಡವೆ-ವಸ್ತ್ರಗಳಿಗೆ ಬೆಲೆ ಬರುತ್ತದೆ; ಮಡಿಕೆಗಳಲ್ಲಿ ಬಣ್ಣ ಉದುರಿದ ಪರದೆ ಗೋಣಿಬಟ್ಟೆಯ ಪಾಲಾಗುತ್ತದೆ.

ಎಲ್ಲವೂ ಮುಗಿದಿಲ್ಲ. ಬಾದಾಮಿಯ ಬನಶಂಕರಿ ಜಾತ್ರೆಗೆ ಇಂದಿಗೂ ನಾಟಕ ಕಂಪನಿಗಳು ಬಂದು ಬೀಡುಬಿಡುತ್ತವೆ. ಮಂಡ್ಯ, ತುಮಕೂರು ಸೀಮೆಯ ಹಳ್ಳಿಗಳಲ್ಲಿ 'ಕುರುಕ್ಷೇತ್ರ' ಆಡುವವರು ಡ್ರಾಮಾ ಸೀನರಿಯನ್ನು ಬಾಡಿಗೆಗೆ ತರುತ್ತಾರೆ. ಅವುಗಳನ್ನು ಬರೆದವರ ಹೆಸರು, ಅವರು ಕಲಿತ ಬಗೆ, ಬಣ್ಣದ ಪಾಕ, ಪರದೆಯ ಅಳತೆ, ಯಾವ ದೃಶ್ಯಕ್ಕೆ ಯಾವ ಪರದೆ, ಅದು ರಂಗದ ಎಷ್ಟು ಒಳಗೆ ಇಳಿಯುತ್ತಿತ್ತು ಎಂಬಿವನ್ನು ಬರೆದಿಡುವ ಕೆಲಸ ತುರ್ತಾಗಿ ಆಗಬೇಕು. ಪರದೆಯ ಛಾಯಾಚಿತ್ರ ತೆಗೆಯುವಾಗ ಅದರ ಮುಂದೆ ಒಬ್ಬ ಮನುಷ್ಯನನ್ನು ನಿಲ್ಲಿಸಿ ತೆಗೆಯಬೇಕೆಂಬುದು ನಮ್ಮ ಸೂಚನೆ. ಮನುಷ್ಯನಿಲ್ಲದ ಪರದೆಯ ಚಿತ್ರ ಬರಿಯ ಚಿತ್ರವಾಗಿ ಉಳಿಯುತ್ತದೆ, ರಂಗವಾಗುವುದಿಲ್ಲ.

ಈ ಕೆಲಸದಲ್ಲಿ ಹೊರನಾಡ ಕನ್ನಡಿಗರಿಗೆ ವಿಶೇಷವಾದ ಅವಕಾಶವಿದೆ, ಆದ್ದರಿಂದ ಹೊಣೆಯೂ ಇದೆ. ಮುಂಬಯಿ, ಪುಣೆ, ಸೊಲ್ಲಾಪುರ, ಕೊಲ್ಲಾಪುರಗಳಲ್ಲಿ ನೆಲೆಸಿದ ಕನ್ನಡ ಸಂಶೋಧಕನಿಗೆ ಎರಡೂ ಭಾಷೆಯ ಕರಪತ್ರಗಳು, ನಟರ ಆತ್ಮಕಥೆಗಳು, ಮನೆತನಗಳ ನೆನಪುಗಳು ಕೈಗೆಟಕುವಷ್ಟು ಹತ್ತಿರದಲ್ಲಿವೆ. ಕನ್ನಡದ ಚರಿತ್ರೆಕಾರ ಗಡಿಯಲ್ಲಿ ನಿಲ್ಲುತ್ತಾನೆ, ಮರಾಠಿಯವನೂ ಗಡಿಯಲ್ಲಿ ನಿಲ್ಲುತ್ತಾನೆ. ಪರದೆಗಳು ಮಾತ್ರ ರೈಲಿನಲ್ಲಿ ದಾಟಿ ಹೋಗುತ್ತಿದ್ದವು. ಅವುಗಳ ಜಾಡು ಹಿಡಿಯಬಲ್ಲವನು ಎರಡು ನೆಲೆಗಳಲ್ಲಿ ಕಾಲೂರಿದವನೇ.

ಆ ಸಾಮಗ್ರಿ ಒದಗಿದ ದಿನ ನಮ್ಮ ವಿಮರ್ಶೆ ದೃಶ್ಯಸಜ್ಜಿಕೆ ಕಣ್ಮನ ಸೆಳೆಯಿತೆಂದು ಬರೆದು ಮುಂದೆ ಸಾಗಲಾರದು. ಚಿತ್ರಕಾರ ನಾಟಕವನ್ನು ಹೇಗೆ ಓದಿದ, ಯಾರಿಗೆ ಆಳವನ್ನು ಕೊಟ್ಟ, ಯಾರನ್ನು ಪರದೆಯ ಈಚೆಗೆ ನಿಲ್ಲಿಸಿದ ಎಂದು ಅದು ಕೇಳಬೇಕಾಗುತ್ತದೆ.